ವಿಶ್ವ ಸೀಮಿತವೋ ಅನಂತವೋ: ಕಾಗದ, ಪೆನ್ಸಿಲ್ ಹಿಡಿದು ನೀವೇ ಪರಿಶೀಲಿಸುವ ಕ್ರಮ

ವಿಶ್ವಕ್ಕೆ ಕೊನೆಯಿದೆಯೇ ಎಂದು ಕೇಳುವ ಮಕ್ಕಳಿಗೆ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಉತ್ತರ ಕೊಟ್ಟು ಮುಂದೆ ಹೋಗುತ್ತೇವೆ. ಒಂದು, 'ಅದು ಅನಂತ'. ಇನ್ನೊಂದು, 'ಅದು ಯಾರಿಗೂ ಗೊತ್ತಿಲ್ಲ'. ಎರಡೂ ಅವಸರದ ಉತ್ತರಗಳು. ಕಳೆದ ನೂರು ವರ್ಷಗಳಲ್ಲಿ ಈ ಪ್ರಶ್ನೆಯ ಸುತ್ತ ನಿಖರವಾದ ಅಳತೆಗಳು ನಡೆದಿವೆ. ಅವು ಎಲ್ಲಿಯವರೆಗೆ ತಲುಪಿವೆ, ಎಲ್ಲಿ ನಿಂತಿವೆ ಎಂಬುದನ್ನು ಪಿಯುಸಿ ಗಣಿತ ಬಲ್ಲ ಯಾರು ಬೇಕಾದರೂ ತಾವೇ ಲೆಕ್ಕ ಹಾಕಿ ನೋಡಬಹುದು. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಕೊಟ್ಟಿದ್ದೇನೆ. ಒಂದು ನೋಟ್‌ಬುಕ್, ವರ್ಗಮೂಲ ತೆಗೆಯಬಲ್ಲ ಕ್ಯಾಲ್ಕ್ಯುಲೇಟರ್, ಮೋಡವಿಲ್ಲದ ಒಂದು ರಾತ್ರಿ ಇದ್ದರೆ ಸಾಕು.

ದೂರಗಳನ್ನೆಲ್ಲ ಜ್ಯೋತಿರ್ವರ್ಷದಲ್ಲಿ ಬರೆದುಕೊಳ್ಳಿ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ಈ ದೂರ ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್.

ಹೆಜ್ಜೆ 1: 'ಅಂಚು' ಮತ್ತು 'ಅಳತೆ'ಯನ್ನು ಬೇರೆ ಮಾಡಿ

ಈ ಪ್ರಶ್ನೆಯ ಚರ್ಚೆ ಹೆಚ್ಚಾಗಿ ಹಳಿ ತಪ್ಪುವುದು ಇಲ್ಲಿಯೇ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ಚಿಂತಕ ಆರ್ಕಿಟಾಸ್ ಹೀಗೆ ವಾದಿಸಿದ್ದ: ವಿಶ್ವದ ಅಂಚಿನಲ್ಲಿ ನಿಂತು ಕೈಯನ್ನೋ ಕೋಲನ್ನೋ ಹೊರಗೆ ಚಾಚಬಹುದೇ? ಚಾಚಬಹುದಾದರೆ ಆಚೆಗೆ ಜಾಗವಿದೆ ಎಂದಾಯಿತು. ಚಾಚಲಾಗದಿದ್ದರೆ ತಡೆಯುವ ವಸ್ತುವೊಂದು ಆಚೆಗಿದೆ ಎಂದಾಯಿತು. ಹೇಗಿದ್ದರೂ ಅಂಚು ಅಂಚಾಗಿ ಉಳಿಯುವುದಿಲ್ಲ.

ನಮ್ಮ ನಾಡಿನಲ್ಲಿ ಬಹುಕಾಲ ಬೇರೂರಿದ್ದ ಜೈನ ದರ್ಶನ ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು. ಜೀವಿಗಳೂ ವಸ್ತುಗಳೂ ಇರುವ ಲೋಕಾಕಾಶ ಸೀಮಿತ. ಅದರ ಸುತ್ತಲಿನ ಅಲೋಕಾಕಾಶ ಅನಂತ. ಹಾಗಾದರೆ ಲೋಕದ ತುದಿ ತಲುಪಿದವರು ಆಚೆ ದಾಟುವುದಿಲ್ಲವೇಕೆ? ಅಲ್ಲಿ ಗೋಡೆ ಇರುವುದರಿಂದಲ್ಲ, ಚಲನೆಗೆ ಆಸರೆಯಾದ ಧರ್ಮದ್ರವ್ಯ ಅಲ್ಲಿ ಇಲ್ಲದಿರುವುದರಿಂದ. ಆರ್ಕಿಟಾಸನ ಕೋಲಿಗೆ ಇದಕ್ಕಿಂತ ಸೂಕ್ಷ್ಮವಾದ ಉತ್ತರ ಪ್ರಾಚೀನ ಕಾಲದಲ್ಲಿ ಇನ್ನೆಲ್ಲೂ ನನಗೆ ಕಂಡಿಲ್ಲ.

1917ರಲ್ಲಿ ಐನ್‌ಸ್ಟೈನ್ ಮೂರನೆಯ ದಾರಿ ತೋರಿಸಿದರು. ಭೂಮಿಯ ಮೇಲ್ಮೈಯ ವಿಸ್ತೀರ್ಣ ಸುಮಾರು 51 ಕೋಟಿ ಚದರ ಕಿಲೋಮೀಟರ್. ಅದು ಸೀಮಿತ, ಆದರೂ ಎಷ್ಟು ನಡೆದರೂ 'ಇಲ್ಲಿಗೆ ನೆಲ ಮುಗಿಯಿತು' ಎಂಬ ತುದಿ ಸಿಗುವುದಿಲ್ಲ. ಎರಡು ಆಯಾಮದ ಮೇಲ್ಮೈ ಹೀಗಿರಬಹುದಾದರೆ ಮೂರು ಆಯಾಮದ ಆಕಾಶವೂ (ಅಂದರೆ ವಿಶ್ವದ ಜಾಗವೂ) ಹೀಗೆಯೇ ತನ್ನೊಳಗೆ ಬಾಗಿ ಮುಚ್ಚಿಕೊಂಡಿರಬಹುದು. ಅವರ ಆ ಮಾದರಿಯ ವಿಶ್ವ ಹಿಗ್ಗದೆ ಕುಗ್ಗದೆ ನಿಂತಿತ್ತು, ಅದು ಉಳಿಯಲಿಲ್ಲ. ಅಂಚಿಲ್ಲದೆಯೂ ಸೀಮಿತವಾಗಿರಬಹುದು ಎಂಬ ವಿಚಾರ ಉಳಿಯಿತು.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮೂರು ಪ್ರಶ್ನೆ ಬರೆಯಿರಿ. ನಮಗೆ ಕಾಣುವ ಭಾಗ ಎಷ್ಟು ದೊಡ್ಡದು? ಆಕಾಶ ಬಾಗಿದೆಯೇ, ಬಾಗಿದ್ದರೆ ಯಾವ ಕಡೆಗೆ? ಒಂದೇ ದಿಕ್ಕಿನಲ್ಲಿ ಸಾಗಿದರೆ ಹೊರಟ ಜಾಗಕ್ಕೆ ಮರಳುವ ಹಾಗೆ ಆಕಾಶದ ಜೋಡಣೆ ಇದೆಯೇ? ಇವನ್ನು ಒಂದೇ ಪ್ರಶ್ನೆಯೆಂದು ಹಿಡಿದರೆ ಉತ್ತರ ಸಿಗುವುದಿಲ್ಲ.

ಹೆಜ್ಜೆ 2: ಕತ್ತಲ ಆಕಾಶವನ್ನು ನೋಡಿ

ಊರ ದೀಪಗಳಿಂದ ದೂರ ಹೋಗಿ ತಲೆ ಎತ್ತಿ ನೋಡಿ. ನವೆಂಬರ್, ಡಿಸೆಂಬರ್ ತಿಂಗಳ ಸಂಜೆಯಾದರೆ ಆಂಡ್ರೊಮೆಡಾ ಗೆಲಾಕ್ಸಿ ಮಸುಕಾದ ಚುಕ್ಕೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷಗಳಾಗಿವೆ. ಉಳಿದಂತೆ ನಕ್ಷತ್ರಗಳ ನಡುವೆ ಕಾಣುವುದು ಕತ್ತಲೆ. ಈ ಕತ್ತಲೆಯೇ ನಿಮ್ಮ ಮೊದಲ ದತ್ತಾಂಶ.

ವಿಶ್ವ ಅನಂತವಾಗಿದ್ದು, ಅನಾದಿ ಕಾಲದಿಂದ ನಕ್ಷತ್ರಗಳು ಸಮನಾಗಿ ಹರಡಿಕೊಂಡು ಉರಿಯುತ್ತಿವೆ ಎಂದು ಇಟ್ಟುಕೊಳ್ಳಿ. ನಿಮ್ಮ ಸುತ್ತ ಒಂದೇ ದಪ್ಪದ ಪದರಗಳನ್ನು ಕಲ್ಪಿಸಿಕೊಳ್ಳಿ. ಪದರ ಎರಡು ಪಟ್ಟು ದೂರವಿದ್ದರೆ ಅದರಲ್ಲಿರುವ ನಕ್ಷತ್ರಗಳು ನಾಲ್ಕು ಪಟ್ಟು. ಒಂದೊಂದು ನಕ್ಷತ್ರದಿಂದ ನಮಗೆ ಬರುವ ಬೆಳಕು ನಾಲ್ಕನೆಯ ಒಂದು ಪಾಲು. ಎರಡೂ ಸರಿದೂಗಿ ಪ್ರತಿ ಪದರವೂ ಒಂದೇ ಪ್ರಮಾಣದ ಬೆಳಕು ಕೊಡುತ್ತದೆ. ಪದರಗಳು ಅನಂತವಾದರೆ ಇಡೀ ಆಕಾಶ ಸೂರ್ಯಬಿಂಬದಂತೆ ಉರಿಯಬೇಕಿತ್ತು. 1823ರಲ್ಲಿ ಜರ್ಮನಿಯ ಓಲ್ಬರ್ಸ್ ಇದನ್ನು ವಿವರಿಸಿದ್ದರಿಂದ ಈ ಒಗಟಿಗೆ ಅವರ ಹೆಸರಿದೆ. ಅದಕ್ಕೆ ಇನ್ನೂರು ವರ್ಷಗಳ ಹಿಂದೆಯೇ, 1610ರಲ್ಲಿ, ಕೆಪ್ಲರ್ ಇದೇ ಕತ್ತಲೆಯನ್ನು ಮುಂದಿಟ್ಟು ವಿಶ್ವ ಸೀಮಿತವೆಂದು ವಾದಿಸಿದ್ದರು.

ಕೆಪ್ಲರ್ ತೀರ್ಮಾನಕ್ಕೆ ಇಲ್ಲಿ ಒಪ್ಪಿಗೆ ಹಾಕಬೇಡಿ. ಕತ್ತಲೆ ಹೇಳುವುದು ಇಷ್ಟೇ: 'ಅನಂತ ಜಾಗ' ಮತ್ತು 'ಅನಂತ ಕಾಲದಿಂದ ಉರಿಯುವ ನಕ್ಷತ್ರಗಳು' ಎಂಬ ಎರಡು ಊಹೆಗಳಲ್ಲಿ ಒಂದಾದರೂ ತಪ್ಪು. ತಪ್ಪಾದದ್ದು ಎರಡನೆಯದು ಎಂದು ಈಗ ತಿಳಿದಿದೆ. ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ಅದಕ್ಕಿಂತ ಹೆಚ್ಚು ಕಾಲ ಪಯಣಿಸಬೇಕಾದ ಬೆಳಕು ನಮ್ಮನ್ನಿನ್ನೂ ಮುಟ್ಟಿಲ್ಲ. ಕಾಲಕ್ಕೂ ಮೊದಲಿಲ್ಲ, ಜಾಗಕ್ಕೂ ಕೊನೆಯಿಲ್ಲ ಎಂಬ ಸ್ಥಿರಸ್ಥಿತಿ ಸಿದ್ಧಾಂತವನ್ನು ಬಾಂಡಿ, ಗೋಲ್ಡ್ ಮತ್ತು ಹಾಯ್ಲ್ 1948ರಲ್ಲಿ ಮಂಡಿಸಿದ್ದರು. ಹಾಯ್ಲ್ ಅವರ ಶಿಷ್ಯರಾದ ನಮ್ಮ ಜಯಂತ ನಾರಳೀಕರ್ ಆ ಪಕ್ಷವನ್ನು ಬಹುಕಾಲ ದಿಟ್ಟವಾಗಿ ಸಮರ್ಥಿಸಿದರು. ಹೆಚ್ಚಿನ ವಿಜ್ಞಾನಿಗಳನ್ನು ಇನ್ನೊಂದು ಕಡೆಗೆ ತಿರುಗಿಸಿದ್ದು ಮುಂದಿನ ಹೆಜ್ಜೆಯಲ್ಲಿ ಬರುವ ವಿಕಿರಣ.

ಹೆಜ್ಜೆ 3: ಕಾಣುವ ವಿಶ್ವದ ಗೆರೆ ಎಳೆಯಿರಿ

1964ರಿಂದ 65ರ ನಡುವೆ ಅಮೆರಿಕದ ನ್ಯೂಜೆರ್ಸಿಯಲ್ಲಿ ಅರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ತಮ್ಮ ಆಂಟೆನಾದಲ್ಲಿ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವ ಕ್ಷೀಣವಾದ ಮೈಕ್ರೋತರಂಗ ವಿಕಿರಣವನ್ನು ಕಂಡರು. ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷ ವಯಸ್ಸಾಗಿದ್ದಾಗ ಬಿಡುಗಡೆಯಾದ ಬೆಳಕು ಅದು. ಈಗ ಅದರ ತಾಪ ಪರಮ ಶೂನ್ಯಕ್ಕಿಂತ ಕೇವಲ 2.725 ಡಿಗ್ರಿ ಮೇಲಿದೆ. ನಾವು ಬೆಳಕಿನಿಂದ ನೋಡಬಲ್ಲ ಅತ್ಯಂತ ದೂರದ ಪರದೆಯೇ ಈ ಹಿನ್ನೆಲೆ ವಿಕಿರಣ.

ಲೆಕ್ಕ ಹಾಕೋಣ. ಈಗ ನಮ್ಮನ್ನು ತಲುಪುತ್ತಿರುವ ಆ ಬೆಳಕು ಹೊರಟಾಗ ಅದರ ಮೂಲ ನಮ್ಮಿಂದ ಸುಮಾರು 4.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು. ಅಂದಿನಿಂದ ಇಂದಿಗೆ ಆಕಾಶ ಸುಮಾರು 1090 ಪಟ್ಟು ಹಿಗ್ಗಿದೆ. ಗುಣಿಸಿದರೆ ಸುಮಾರು 4580 ಕೋಟಿ. ಕಾಣುವ ವಿಶ್ವದ ತ್ರಿಜ್ಯ 1380 ಕೋಟಿ ಜ್ಯೋತಿರ್ವರ್ಷವಲ್ಲ, ಸುಮಾರು 4600 ಕೋಟಿ ಎಂದು ಪುಸ್ತಕಗಳು ಹೇಳುವುದು ಇದರಿಂದಲೇ. ಬೆಳಕು ಬರುತ್ತಿರುವಾಗ ಅದು ಹಾದುಬಂದ ದಾರಿಯೂ ಹಿಗ್ಗಿತು.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು: ಕಾಣುವ ಭಾಗ ಖಂಡಿತವಾಗಿ ಸೀಮಿತ. ಆದರೆ ಅದು ವಿಶ್ವದ ಅಂಚಲ್ಲ, ನಮ್ಮ ದಿಗಂತ. ಆ ಗೆರೆಯ ಮೇಲಿನ ಗೆಲಾಕ್ಸಿಯೊಂದರಲ್ಲಿ ಕುಳಿತು ನೋಡುವವರಿಗೆ ಅವರದೇ ದಿಗಂತವಿರುತ್ತದೆ.

ಇದೇ ಪುಟದಲ್ಲಿ ಒಂದು ಎಚ್ಚರಿಕೆಯನ್ನೂ ಬರೆದುಕೊಳ್ಳಿ. 'ಮಹಾಸ್ಫೋಟದ ಹೊತ್ತಿನಲ್ಲಿ ವಿಶ್ವ ಒಂದು ಚುಕ್ಕೆಯಷ್ಟಿತ್ತು, ಆದ್ದರಿಂದ ಅದು ಸೀಮಿತವೇ ಆಗಿರಬೇಕು' ಎಂಬ ವಾದವನ್ನು ಪಠ್ಯಪುಸ್ತಕದ ಚಿತ್ರಗಳು ಹುಟ್ಟುಹಾಕುತ್ತವೆ. ಚುಕ್ಕೆಯಷ್ಟಿದ್ದದ್ದು ಇಂದು ನಮಗೆ ಕಾಣುವ ಭಾಗ ಮಾತ್ರ. ಇಡೀ ವಿಶ್ವ ಇಂದು ಅನಂತವಾಗಿದ್ದರೆ ಅಂದೂ ಅನಂತವಾಗಿಯೇ ಇತ್ತು. ಎಲ್ಲೆಡೆ ಹೆಚ್ಚು ದಟ್ಟವಾಗಿತ್ತು, ಅಷ್ಟೇ.

ಹೆಜ್ಜೆ 4: ಆಕಾಶದ ಬಾಗನ್ನು ಅಳೆಯಿರಿ

ಈಗ ನಿಜವಾದ ಕೆಲಸ. 1922 ಮತ್ತು 1924ರಲ್ಲಿ ರಷ್ಯಾದ ಅಲೆಕ್ಸಾಂಡರ್ ಫ್ರೀಡ್‌ಮನ್ ಐನ್‌ಸ್ಟೈನ್ ಸಮೀಕರಣಗಳಿಂದ ಹಿಗ್ಗುವ ವಿಶ್ವದ ಮಾದರಿಗಳನ್ನು ತೆಗೆದರು. ವಿಶ್ವ ಎಲ್ಲೆಡೆ, ಎಲ್ಲ ದಿಕ್ಕಿನಲ್ಲೂ ಸರಾಸರಿಯಲ್ಲಿ ಒಂದೇ ರೀತಿ ಇದೆ ಎಂದು ಒಪ್ಪಿದರೆ ಆಕಾಶಕ್ಕೆ ಮೂರೇ ಸಾಧ್ಯತೆ: ಧನ ವಕ್ರತೆ, ಸೊನ್ನೆ ವಕ್ರತೆ, ಋಣ ವಕ್ರತೆ. ಒಂದು ಚೆಂಡಿನ ಮೇಲೆ ದೊಡ್ಡ ತ್ರಿಕೋನ ಬರೆದು ಕೋನಗಳನ್ನು ಅಳೆಯಿರಿ. ಮೊತ್ತ 180 ಡಿಗ್ರಿ ಮೀರುತ್ತದೆ. ಅದು ಧನ ವಕ್ರತೆ. ಮೇಜಿನ ಮೇಲಿನ ಹಾಳೆಯಲ್ಲಿ ಸರಿಯಾಗಿ 180, ಅದು ಸೊನ್ನೆ. ಕುದುರೆಯ ಜೀನಿನಂಥ ಮೈಯಲ್ಲಿ 180ಕ್ಕಿಂತ ಕಡಿಮೆ, ಅದು ಋಣ.

ಅಳೆಯಲು ಎರಡು ದಾರಿಗಳಿವೆ. ಮೊದಲನೆಯದು ತೂಕ. ಆಕಾಶ ಸಮತಲವಾಗಿರಲು ಬೇಕಾದ ಸರಾಸರಿ ಸಾಂದ್ರತೆಯನ್ನು ಹಬಲ್ ದರದಿಂದ, ಅಂದರೆ ವಿಶ್ವ ಈಗ ಹಿಗ್ಗುತ್ತಿರುವ ದರದಿಂದ, ಲೆಕ್ಕ ಹಾಕಬಹುದು. ಹಬಲ್ ದರದ ವರ್ಗವನ್ನು ಮೂರರಿಂದ ಗುಣಿಸಿ, ಎಂಟು ಪೈ ಮತ್ತು ಗುರುತ್ವ ಸ್ಥಿರಾಂಕದ ಗುಣಲಬ್ಧದಿಂದ ಭಾಗಿಸಿ. ಒಂದು ಘನ ಮೀಟರ್ ಜಾಗಕ್ಕೆ ಸುಮಾರು ಐದು ಹೈಡ್ರೋಜನ್ ಪರಮಾಣುಗಳ ತೂಕ ಬರುತ್ತದೆ. ನಮ್ಮನ್ನು ಹೊತ್ತಿರುವ ಈ ಬೃಹತ್ ರಚನೆಯ ಆಕಾರ ಇಷ್ಟು ಅಲ್ಪ ತೂಕದ ಮೇಲೆ ನಿಂತಿದೆ ಎಂಬುದನ್ನು ಒಂದು ಕ್ಷಣ ಮನಸ್ಸಿಗೆ ತಂದುಕೊಳ್ಳಿ. 1990ರ ದಶಕದಲ್ಲಿ ಸಾಮಾನ್ಯ ದ್ರವ್ಯ ಮತ್ತು ಕಪ್ಪು ದ್ರವ್ಯ (ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಎರಡನ್ನೂ ಕೂಡಿಸಿದರೂ ಬೇಕಾದ ಸಾಂದ್ರತೆಯ ಸುಮಾರು ಶೇಕಡಾ 30ರಷ್ಟೇ ಸಿಗುತ್ತಿತ್ತು. ಅದರಿಂದ ಅನೇಕರು ಋಣ ವಕ್ರತೆಯ ಕಡೆ ವಾಲಿದ್ದರು. 1998ರಲ್ಲಿ ದೂರದ, ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳು ವಿಶ್ವದ ಹಿಗ್ಗುವಿಕೆ ಚುರುಕಾಗುತ್ತಿದೆ ಎಂದು ತೋರಿಸಿದವು. ಹಾಗೆ ಲೆಕ್ಕಕ್ಕೆ ಬಂದ ಕಪ್ಪು ಶಕ್ತಿ ಉಳಿದ ಸುಮಾರು ಶೇಕಡಾ 70ನ್ನು ತುಂಬಿತು.

ಎರಡನೆಯ ದಾರಿ ತ್ರಿಕೋನ. ಹಿನ್ನೆಲೆ ವಿಕಿರಣದಲ್ಲಿ ಲಕ್ಷಕ್ಕೊಂದು ಪಾಲಿನಷ್ಟು ತಾಪವ್ಯತ್ಯಾಸದ ಕಲೆಗಳಿವೆ. ಆರಂಭಿಕ ವಿಶ್ವದಲ್ಲಿ ಶಬ್ದದ ಅಲೆಗಳು 3.8 ಲಕ್ಷ ವರ್ಷಗಳಲ್ಲಿ ಎಷ್ಟು ದೂರ ಹೋಗಬಲ್ಲವು ಎಂಬುದು ಭೌತಶಾಸ್ತ್ರದಿಂದ ಗೊತ್ತು. ಆದ್ದರಿಂದ ಆ ಕಲೆಗಳ ನಿಜವಾದ ಅಳತೆ ಗೊತ್ತು. ಅವುಗಳ ದೂರವೂ ಗೊತ್ತು. ಇದೊಂದು ತ್ರಿಕೋನ, ನಮ್ಮ ಕಣ್ಣಿನ ಬಳಿಯ ಕೋನವನ್ನು ಅಳೆದರೆ ಆಯಿತು. ಆಕಾಶ ಸಮತಲವಾಗಿದ್ದರೆ ಕಲೆಗಳು ಸುಮಾರು ಒಂದು ಡಿಗ್ರಿ ಅಗಲ ಕಾಣಬೇಕು, ಅಂದರೆ ಕೈ ಚಾಚಿ ಹಿಡಿದ ಕಿರುಬೆರಳಿನಷ್ಟು. ಧನ ವಕ್ರತೆಯಿದ್ದರೆ ಹಿರಿದಾಗಿ, ಋಣ ವಕ್ರತೆಯಿದ್ದರೆ ಕಿರಿದಾಗಿ ಕಾಣಬೇಕು.

1998ರ ಡಿಸೆಂಬರ್ ಕೊನೆಯಲ್ಲಿ ಬೂಮರಾಂಗ್ ಎಂಬ ದೂರದರ್ಶಕವನ್ನು ಹೊತ್ತ ಬಲೂನು ಅಂಟಾರ್ಕ್ಟಿಕಾದ ಮೇಲೆ ಸುಮಾರು ಹತ್ತು ದಿನ ಸುತ್ತಿತು. 2000ದಲ್ಲಿ ಬಂದ ಫಲಿತಾಂಶ: ಕಲೆಗಳ ಅಗಲ ಸುಮಾರು ಒಂದು ಡಿಗ್ರಿ. ತೂಕದ ದಾರಿ, ಕೋನದ ದಾರಿ ಎರಡೂ ಒಂದೇ ಕಡೆ ಬಂದು ಸೇರಿದವು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಮೆಚ್ಚಿನ ಘಟ್ಟ ಇದು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಅಳತೆಗಳು ಹೀಗೆ ಕೂಡಿಬಂದಾಗಲೇ ನಂಬಿಕೆ ಗಟ್ಟಿಯಾಗುವುದು.

ಬಳಿಕ ಯುರೋಪಿನ ಪ್ಲಾಂಕ್ ಉಪಗ್ರಹ ಇದನ್ನು ಇನ್ನೂ ಬಿಗಿಗೊಳಿಸಿತು. ವಕ್ರತೆಯ ಪಾಲನ್ನು ಒಮೆಗಾ-ಕೆ ಎಂದು ಬರೆಯುತ್ತಾರೆ. ಪ್ಲಾಂಕ್ ಮತ್ತು ಗೆಲಾಕ್ಸಿ ಸಮೀಕ್ಷೆಗಳನ್ನು ಕೂಡಿಸಿದ 2018ರ ವಿಶ್ಲೇಷಣೆಯಲ್ಲಿ ಅದರ ಬೆಲೆ 0.0007, ದೋಷಮಿತಿ ಹೆಚ್ಚು ಕಡಿಮೆ 0.0019. ಅಂದರೆ ಸೊನ್ನೆಯೊಂದಿಗೆ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಚಿಹ್ನೆಯನ್ನು ನೆನಪಿಡಿ: ಒಮೆಗಾ-ಕೆ ಋಣವಾಗಿದ್ದರೆ ಆಕಾಶದ ವಕ್ರತೆ ಧನ, ಅಂದರೆ ಮುಚ್ಚಿದ ವಿಶ್ವ. ಈ ತಲೆಕೆಳಗಾದ ಚಿಹ್ನೆಯಿಂದ ಓದುಗರು ಸುಲಭವಾಗಿ ದಾರಿ ತಪ್ಪುತ್ತಾರೆ.

ಹೆಜ್ಜೆ 5: ಮುಚ್ಚಿದ ವಿಶ್ವವಾದರೆ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಿ

ದೋಷಮಿತಿಯೊಳಗೆ ಅಲ್ಪ ಧನ ವಕ್ರತೆಗೆ ಜಾಗ ಇದ್ದೇ ಇದೆ. ದೋಷಮಿತಿಯ ಎರಡರಷ್ಟು ಆಚೆ ಹೋಗಿ ಒಮೆಗಾ-ಕೆ ಬೆಲೆಯನ್ನು ಋಣ 0.003 ಎಂದು ಇಟ್ಟುಕೊಳ್ಳೋಣ.

ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಹಬಲ್ ದರ 67.4, ಅಂದರೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67.4 ಕಿಲೋಮೀಟರ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 4448, ಅದನ್ನು 32.6 ಲಕ್ಷದಿಂದ ಗುಣಿಸಿದರೆ 1450 ಕೋಟಿ ಜ್ಯೋತಿರ್ವರ್ಷ. ಇದನ್ನು ಹಬಲ್ ದೂರ ಎನ್ನುತ್ತಾರೆ. ಹತ್ತಿರದ ಸೂಪರ್‌ನೋವಾಗಳಿಂದ ತೆಗೆದ ಹಬಲ್ ದರ 73ರ ಆಸುಪಾಸಿನಲ್ಲಿದೆ. ಅದನ್ನು ಬಳಸಿದರೆ ಸುಮಾರು 1340 ಕೋಟಿ. ಈ ವ್ಯತ್ಯಾಸ ಇನ್ನೂ ಬಗೆಹರಿದಿಲ್ಲ. ನಮ್ಮ ತೀರ್ಮಾನ ಮಾತ್ರ ಅದರಿಂದ ಬದಲಾಗದು.

ವಕ್ರತೆಯ ತ್ರಿಜ್ಯ ಬೇಕೆಂದರೆ ಹಬಲ್ ದೂರವನ್ನು 0.003ರ ವರ್ಗಮೂಲದಿಂದ ಭಾಗಿಸಿ. ವರ್ಗಮೂಲ 0.0548, ಉತ್ತರ ಸುಮಾರು 26,500 ಕೋಟಿ ಜ್ಯೋತಿರ್ವರ್ಷ. ಒಂದು ಸುತ್ತು ಬಂದು ಹೊರಟಲ್ಲಿಗೆ ಸೇರಲು ಇದರ 6.28 ಪಟ್ಟು, ಅಂದರೆ ಸುಮಾರು 1.66 ಲಕ್ಷ ಕೋಟಿ ಜ್ಯೋತಿರ್ವರ್ಷ. ಘನಗಾತ್ರವನ್ನು ಹೋಲಿಸಲು 26,500ನ್ನು 4600ರಿಂದ ಭಾಗಿಸಿ, ಬಂದದ್ದನ್ನು ಘನ ಮಾಡಿ, 4.71ರಿಂದ (ಮುಚ್ಚಿದ ಆಕಾಶದ ಮತ್ತು ಸಾಮಾನ್ಯ ಗೋಳದ ಘನಗಾತ್ರ ಸೂತ್ರಗಳ ಅನುಪಾತ) ಗುಣಿಸಿ. ಸುಮಾರು 900 ಬರುತ್ತದೆ. ವಿಶ್ವ ಈ ಬಗೆಯಲ್ಲಿ ಮುಚ್ಚಿಕೊಂಡಿದ್ದರೂ ನಮಗೆ ಕಾಣುವುದು ಅದರ ಒಂಬೈನೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿರಲಾರದು.

ಹೆಜ್ಜೆ 6: 'ಸಮತಲ' ಎಂದ ಕೂಡಲೇ 'ಅನಂತ' ಎಂದು ಬರೆಯಬೇಡಿ

ಜನಪ್ರಿಯ ಲೇಖನಗಳಲ್ಲಿ ನನಗೆ ಸದಾ ನೋವುಂಟುಮಾಡುವ ಸಾಲು ಇದು: 'ವಿಶ್ವ ಸಮತಲವಾಗಿದೆ, ಆದ್ದರಿಂದ ಅನಂತವಾಗಿದೆ.' ವಕ್ರತೆ ಹೇಳುವುದು ಆಕಾಶ ಒಂದೊಂದು ಜಾಗದಲ್ಲಿ ಹೇಗೆ ಬಾಗಿದೆ ಎಂಬುದನ್ನು ಮಾತ್ರ. ಒಟ್ಟಾರೆ ಅದು ತನಗೆ ತಾನೇ ಹೇಗೆ ಜೋಡಿಸಿಕೊಂಡಿದೆ ಎಂಬುದು ಟೊಪಾಲಜಿಯ ವಿಷಯ. ವಕ್ರತೆ ಅದನ್ನು ನಿರ್ಧರಿಸುವುದಿಲ್ಲ.

ಒಂದು ಚೌಕಾಕಾರದ ಹಾಳೆಯ ಮೇಲೆ ಇರುವೆ ಬರೆದು, ಬಲ ಅಂಚಿನಿಂದ ಹೊರಹೋದ ಇರುವೆ ಎಡ ಅಂಚಿನಿಂದ ಒಳಬರುತ್ತದೆ, ಮೇಲಿನಿಂದ ಹೋದದ್ದು ಕೆಳಗಿನಿಂದ ಬರುತ್ತದೆ ಎಂಬ ನಿಯಮ ಇಡಿ. ಹಾಳೆ ಎಲ್ಲೂ ಬಾಗಿಲ್ಲ, ತ್ರಿಕೋನದ ಮೊತ್ತ 180ರಷ್ಟೇ. ಆದರೂ ವಿಸ್ತೀರ್ಣ ಸೀಮಿತ, ಅಂಚೂ ಇಲ್ಲ. ಮೂರು ಆಯಾಮದಲ್ಲಿ ಇದನ್ನೇ ಮಾಡಿದರೆ ಸಿಗುವುದು ಟೋರಸ್ ಆಕಾಶ. ಸಮತಲವಾಗಿದ್ದೂ ಎಲ್ಲ ಕಡೆ ಮುಚ್ಚಿಕೊಂಡ ಇಂಥ ಆಕಾಶಗಳು ಒಟ್ಟು ಹತ್ತು ಬಗೆ ಎಂದು ಗಣಿತಜ್ಞರು ಸಾಧಿಸಿದ್ದಾರೆ. ಋಣ ವಕ್ರತೆಯಲ್ಲಿಯೂ ಸೀಮಿತ ಆಕಾಶಗಳಿವೆ. ಅಂಥ ವಿಶ್ವದಲ್ಲಿ ಹಿನ್ನೆಲೆ ವಿಕಿರಣ ಹೇಗೆ ಕಾಣಬೇಕು ಎಂಬುದನ್ನು ಮುಂದೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ ತರುಣ್ ಸೌರದೀಪ್ ಅವರು ಡಿಕ್ ಬಾಂಡ್ ಮತ್ತು ಡಿಮಿಟ್ರಿ ಪೊಗೋಸ್ಯಾನ್ ಜೊತೆ ಸೇರಿ ಆರಂಭದಲ್ಲಿಯೇ ವಿವರವಾಗಿ ಲೆಕ್ಕ ಹಾಕಿದವರು.

ಇದನ್ನು ಪತ್ತೆಹಚ್ಚುವ ಉಪಾಯ ಸೊಗಸಾಗಿದೆ. ವಿಶ್ವದ ಸುತ್ತಳತೆ ನಮ್ಮ ದಿಗಂತಗೋಳದ ವ್ಯಾಸಕ್ಕಿಂತ ಕಡಿಮೆಯಿದ್ದರೆ ಆ ಗೋಳ ತನ್ನನ್ನೇ ಛೇದಿಸುತ್ತದೆ. ಎರಡು ಗೋಳಗಳು ಛೇದಿಸುವ ಜಾಗ ಒಂದು ವೃತ್ತ. ಅದೇ ವೃತ್ತವನ್ನು ನಾವು ಆಕಾಶದ ಎರಡು ಬೇರೆ ದಿಕ್ಕುಗಳಲ್ಲಿ ನೋಡುತ್ತೇವೆ. ಎರಡರ ಉದ್ದಕ್ಕೂ ಬಿಸಿ ತಂಪುಗಳ ಕ್ರಮ ಒಂದೇ ಇರಬೇಕು. ಕಾರ್ನಿಶ್, ಸ್ಪರ್ಗೆಲ್, ಸ್ಟಾರ್ಕ್‌ಮನ್ 1998ರಲ್ಲಿ ಈ ವಿಧಾನವನ್ನು ಮಂಡಿಸಿದರು. 2003ರಲ್ಲಿ ಫ್ರಾನ್ಸಿನ ಜಾನ್-ಪಿಯರ್ ಲ್ಯುಮಿನೆ ಮತ್ತು ಸಂಗಡಿಗರು, ವಿಶ್ವ ಹನ್ನೆರಡು ಪಂಚಭುಜ ಮುಖಗಳ ಸೀಮಿತ ಆಕಾಶವಾಗಿರಬಹುದೆಂದು ಸೂಚಿಸಿದಾಗ ದೊಡ್ಡ ಕುತೂಹಲ ಎದ್ದಿತು. ಡಬ್ಲ್ಯುಮ್ಯಾಪ್ ಉಪಗ್ರಹದ ನಕ್ಷೆಯಲ್ಲಿ ಹುಡುಕಿದ 2004ರ ಅಧ್ಯಯನಕ್ಕೆ ಜೋಡಿ ವೃತ್ತಗಳು ಸಿಗಲಿಲ್ಲ. ಆಕಾಶ ಸುಮಾರು 7800 ಕೋಟಿ ಜ್ಯೋತಿರ್ವರ್ಷಕ್ಕಿಂತ ಚಿಕ್ಕದಾಗಿ ಸುತ್ತಿಕೊಂಡಿರುವ ಸಾಧ್ಯತೆಯನ್ನು ಅದು ಬಹುಮಟ್ಟಿಗೆ ತಳ್ಳಿಹಾಕಿತು. ಪ್ಲಾಂಕ್ ನಕ್ಷೆಯಲ್ಲೂ ಸಿಗಲಿಲ್ಲ. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ: ತಿರುಚಿಕೊಂಡು ಜೋಡಣೆಯಾದ ಹಲವು ಆಕಾರಗಳು ಈ ಹುಡುಕಾಟದಿಂದ ತಪ್ಪಿಸಿಕೊಂಡಿವೆ ಎಂದು ಕಾಂಪ್ಯಾಕ್ಟ್ ಹೆಸರಿನ ಅಂತರರಾಷ್ಟ್ರೀಯ ತಂಡ 2024ರಲ್ಲಿ ತೋರಿಸಿತು.

ಹೆಜ್ಜೆ 7: ಈ ತಕ್ಕಡಿ ಒಂದೇ ಕಡೆ ತೂಗಬಲ್ಲದು ಎಂಬುದನ್ನು ಗುರುತಿಸಿ

ಇಷ್ಟರಲ್ಲಿ ನಿಮಗೇ ಹೊಳೆದಿರಬಹುದು. ಜೋಡಿ ವೃತ್ತ ಸಿಕ್ಕರೆ, ಇಲ್ಲವೇ ಧನ ವಕ್ರತೆ ಖಚಿತವಾದರೆ, ವಿಶ್ವ ಸೀಮಿತ ಎಂದು ಹೇಳಬಹುದು. ಅನಂತ ಎಂದು ಹೇಳಲು ಇದಕ್ಕೆ ಸಮನಾದ ಅಳತೆ ಯಾವುದೂ ಇಲ್ಲ. ಸೊನ್ನೆ ವಕ್ರತೆಯಾಗಲಿ, ಋಣ ವಕ್ರತೆಯಾಗಲಿ ಅನಂತತೆಗೆ ಸಾಕ್ಷಿಯಾಗದು. ವೃತ್ತ ಸಿಗದಿದ್ದರೆ 'ಇಷ್ಟಕ್ಕಿಂತ ದೊಡ್ಡದು' ಎಂಬ ಕನಿಷ್ಠ ಮಿತಿ ಮಾತ್ರ ಸಿಗುತ್ತದೆ. ಸೀಮಿತತೆಯನ್ನು ಸಾಬೀತು ಮಾಡಬಹುದು, ಅನಂತತೆಯನ್ನು ಅಳತೆಯಿಂದ ಎಂದಿಗೂ ಸಾಬೀತು ಮಾಡಲಾಗದು. ಇದು ನಮ್ಮ ಉಪಕರಣಗಳ ಬಡತನವಲ್ಲ. ಪ್ರಶ್ನೆಯ ಸ್ವಭಾವವೇ ಹೀಗೆ.

ನಿಖರತೆಗೂ ಒಂದು ನೆಲೆಯಿದೆ. ಆಕಾಶದಲ್ಲಿ ಸ್ಥಳೀಯ ಏರಿಳಿತಗಳು ಇದ್ದೇ ಇರುವುದರಿಂದ ಒಮೆಗಾ-ಕೆ ಸುಮಾರು 0.0001ಕ್ಕಿಂತ ಚಿಕ್ಕದಾಗಿದ್ದರೆ ಒಟ್ಟು ವಿಶ್ವದ ಬಾಗು ಯಾವುದು, ನಮ್ಮ ಸುತ್ತಲಿನ ಏರಿಳಿತ ಯಾವುದು ಎಂದು ಬೇರ್ಪಡಿಸಲಾಗದು. 1981ರಲ್ಲಿ ಅಲನ್ ಗೂತ್ ಮಂಡಿಸಿದ ಇನ್‌ಫ್ಲೇಶನ್ ಸಿದ್ಧಾಂತದ ಪ್ರಕಾರ ಮೊದಲ ಕ್ಷಣದ ಮಹಾ ಹಿಗ್ಗುವಿಕೆ ಯಾವುದೇ ಬಾಗನ್ನೂ ಹಿಗ್ಗಿಸಿ ಈ ನೆಲೆಗಿಂತ ಕೆಳಗೆ ಇಳಿಸಿರುವ ಸಂಭವವೇ ಹೆಚ್ಚು.

ಹೆಜ್ಜೆ 8: ಹೊಸ ಸುದ್ದಿಯನ್ನು ಓದುವ ರೀತಿ

2019ರಲ್ಲಿ ಡಿ ವ್ಯಾಲೆಂಟಿನೊ, ಮೆಲ್ಕಿಯೊರಿ ಮತ್ತು ಸಿಲ್ಕ್ ಅವರು ಪ್ಲಾಂಕ್ ದತ್ತಾಂಶವನ್ನು ಮಾತ್ರ ತೆಗೆದುಕೊಂಡರೆ ಅದು ಮುಚ್ಚಿದ ವಿಶ್ವದ ಕಡೆ ವಾಲುತ್ತದೆ ಎಂದು ಪ್ರಕಟಿಸಿದರು. 'ವಿಶ್ವ ಗೋಳಾಕಾರ' ಎಂಬ ತಲೆಬರಹಗಳು ಬಂದವು. ಗೆಲಾಕ್ಸಿ ಸಮೀಕ್ಷೆಗಳನ್ನು ಸೇರಿಸಿದರೆ ಆ ವಾಲು ಮಾಯವಾಗುತ್ತದೆ. ಎಫ್‌ಸ್ಟಾಥಿಯು ಮತ್ತು ಗ್ರ್ಯಾಟನ್ 2020ರಲ್ಲಿ ಬೇರೆ ವಿಶ್ಲೇಷಣೆಯಿಂದ ಸಮತಲ ವಿಶ್ವವನ್ನೇ ಎತ್ತಿಹಿಡಿದರು. ಹೀಗೆ ಸುದ್ದಿ ಬಂದಾಗಲೆಲ್ಲ ಮೂರು ವಿಷಯ ಹುಡುಕಿ: ಒಮೆಗಾ-ಕೆ ಚಿಹ್ನೆ, ದೋಷಮಿತಿ, ಯಾವ ಯಾವ ದತ್ತಾಂಶ ಸೇರಿಸಿದ್ದಾರೆ ಎಂಬುದು. ಈ ಮೂರನ್ನು ಕೊಡದ ವರದಿಯನ್ನು ಬದಿಗಿಡಿ.

2023ರ ಜುಲೈ 1ರಂದು ಹಾರಿದ ಯೂಕ್ಲಿಡ್ ದೂರದರ್ಶಕ ಮತ್ತು ಅರಿಜೋನಾದ ಡೆಸಿ ಸಮೀಕ್ಷೆ ಈಗ ಕೋಟ್ಯಂತರ ಗೆಲಾಕ್ಸಿಗಳ ನಕ್ಷೆ ಮಾಡುತ್ತಿವೆ. ಅವುಗಳಿಂದ ಒಮೆಗಾ-ಕೆಯ ಹೊಸ ಬೆಲೆ ಬಂದಾಗಲೆಲ್ಲ ನಿಮ್ಮ ನೋಟ್‌ಬುಕ್ ತೆರೆಯಿರಿ. ಅದು ಋಣದ ಕಡೆಗೆ, ಸೊನ್ನೆಯಿಂದ ಐದು ದೋಷಮಿತಿಗಳಷ್ಟು ದೂರ, ಎರಡು ಬೇರೆ ಬೇರೆ ಉಪಕರಣಗಳಲ್ಲಿ ಕಂಡರೆ, ಐದನೆಯ ಹೆಜ್ಜೆಯ ಲೆಕ್ಕವನ್ನು ಹೊಸ ಅಂಕಿಯಿಂದ ಮತ್ತೆ ಮಾಡಿ. ಆಗ ಬರುವ ಘನಗಾತ್ರ ಕನಿಷ್ಠ ಮಿತಿಯಾಗಿರುವುದಿಲ್ಲ. ಸುತ್ತಿಕೊಂಡ ಜೋಡಣೆ ಇದ್ದರೆ ವಿಶ್ವ ಅದಕ್ಕಿಂತ ಚಿಕ್ಕದಾಗಬಹುದೇ ಹೊರತು ದೊಡ್ಡದಾಗಲಾರದು. ನಿಮ್ಮ ಪುಟದಲ್ಲಿರುವುದು ಇಡೀ ವಿಶ್ವದ ಗರಿಷ್ಠ ಅಳತೆ.